ಬಾಣಂತಿಯ ರಕ್ತಕ್ಕೆ ಅಳತೆ ಬಂದ ಬಗೆ

ಬೆಂಗಳೂರಿನಿಂದ ಬರುವ ರೈಲು ಬಂಗಾರಪೇಟೆಯಲ್ಲಿ ನಿಂತಾಗ, ಅಲ್ಲಿಂದ ಕವಲೊಡೆದು ಗಣಿಯ ಕಡೆಗೆ ಹೊರಳುವ ಹಾದಿಯೊಂದನ್ನು ತಾವು ನೋಡಿರಬಹುದು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಒಂದರ ಬೆನ್ನಿಗೊಂದು ಪುಟ್ಟ ಪುಟ್ಟ ನಿಲ್ದಾಣಗಳು. ೧೮೯೪ರಲ್ಲಿ ಈ ಹಾದಿಯನ್ನು ತೆರೆದದ್ದು ಚಿನ್ನದ ಸಲುವಾಗಿ. ಆಗ ನಮ್ಮ ಊರಿಗೆ ಬೌರಿಂಗ್‌ಪೇಟೆ ಎಂದು ಹೆಸರು. ಜಾನ್ ಟೇಲರ್ ಕಂಪನಿಯವರು ೧೮೮೦ರಲ್ಲಿ ಕೈಯಿಟ್ಟ ಆ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಅಷ್ಟರೊಳಗೆ ಸುಮಾರು ೮೦೦ ಟನ್ ಚಿನ್ನ ಭೂಗರ್ಭದಿಂದ ಮೇಲಕ್ಕೆ ಬಂದಿತ್ತು.

ಚಿನ್ನದ ಕಥೆಯನ್ನು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಚಿನ್ನವನ್ನು ಅಳೆಯುವ ಬಗೆಯನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಡೆಗಾಲದಲ್ಲಿ ಈ ಗಣಿಗಳ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದುದು ಮೂರು ಗ್ರಾಮಿನ ಆಸುಪಾಸು. ಅದಿರಿನ ಚೂರನ್ನು ಪುಡಿಮಾಡಿ, ಸೀಸದೊಡನೆ ಮೂಸೆಯಲ್ಲಿ ಕರಗಿಸಿ, ಉಳಿದ ಸಾಸಿವೆಕಾಳಿನಂಥ ಮಣಿಯನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಗಿ, ಈ ಬಂಡೆಯಲ್ಲಿ ಇಷ್ಟು ಬಂಗಾರವುಂಟು ಎಂದು ಬರೆದಿಡುತ್ತಿದ್ದರು. ಉಸಿರು ತಾಗಿದರೆ ಅಲುಗುವ ತಕ್ಕಡಿ ಅದು.

ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ನನ್ನ ತಾಯಿಯ ಅಕ್ಕ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ೧೯೫೮ನೆಯ ಇಸವಿ, ಬಂಗಾರಪೇಟೆಗೆ ಎರಡು ಹರಿದಾರಿ ದೂರದ ಹಳ್ಳಿ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ಮಗು ಸುಖವಾಗಿ ಹುಟ್ಟಿತು, ಮಾಸೂ ಬಿತ್ತು, ಸೂಲಗಿತ್ತಿ ಕೈ ತೊಳೆಯಲು ಬಚ್ಚಲಿಗೆ ಹೋದಳು. ಆಮೇಲೆ ರಕ್ತ ನಿಲ್ಲಲಿಲ್ಲ. ಎಷ್ಟು ಹೋಯಿತು ಎಂದು ನಾನು ಬಾಲ್ಯದಲ್ಲಿ ಅಜ್ಜಿಯನ್ನು ಕೇಳಿದಾಗ ಆಕೆ ಹೇಳಿದ್ದು ಇಷ್ಟೇ: ಮೂರು ಹಳೆಯ ಸೀರೆ. ನಮ್ಮ ಮನೆಯಲ್ಲಿ ಆ ಸಾವಿನ ಕುರಿತು ಉಳಿದ ದಾಖಲೆ ಅದೊಂದೇ.

ಸೂಲಗಿತ್ತಿ ಎಂಬ ಮಾತನ್ನು ಬಳಸಿದೆನಷ್ಟೆ. ಸೂಲ್ ಎಂದರೆ ಹಳಗನ್ನಡದಲ್ಲಿ ಹೆರಿಗೆ. ಅದನ್ನು ಬಲ್ಲವಳು ಸೂಲಗಿತ್ತಿ. ಈ ಮಾತಿಗೆ ಶೂಲದೊಡನೆ ಯಾವ ನಂಟೂ ಇಲ್ಲ. ತರಗತಿಯಲ್ಲಿ ಹುಡುಗರು ಪ್ರತಿವರ್ಷವೂ ಹಾಗೆ ಬರೆದು ನನ್ನಿಂದ ಬೈಸಿಕೊಳ್ಳುತ್ತಾರೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ, ಈ ಹಳೆಯ ಪದ ಮತ್ತೆ ಪತ್ರಿಕೆಗಳಲ್ಲಿ ಗೌರವದಿಂದ ಕಾಣಿಸಿಕೊಂಡಿತು. ಸೂಲಗಿತ್ತಿಯರನ್ನು ಹಳಿಯುವುದು ನನ್ನ ಇಂಗಿತವಲ್ಲ. ಅವರ ಕೈಯಲ್ಲಿ ಇರದಿದ್ದುದು ಮದ್ದು. ಅವರ ಕಣ್ಣಿಗೆ ಇರದಿದ್ದುದು ಅಳತೆ. ಆ ಎರಡೂ ದೊಡ್ಡ ಆಸ್ಪತ್ರೆಗಳ ವೈದ್ಯರಿಗೇ ಎಷ್ಟು ತಡವಾಗಿ ಬಂದವು ಎಂಬುದನ್ನು ತಮ್ಮ ಮುಂದಿಡುತ್ತೇನೆ.

ಮೊದಲು ದೇಹದ ಸಂಗತಿ. ದಿನ ತುಂಬಿದ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತದೆ. ಮಾಸು ಕಳಚಿಕೊಂಡಾಗ ಆ ಜಾಗದಲ್ಲಿ ರಕ್ತನಾಳಗಳ ಬಾಯಿಗಳು ತೆರೆದುಕೊಳ್ಳುತ್ತವೆ. ಅವನ್ನು ಮುಚ್ಚುವವರು ಯಾರು? ಗರ್ಭಕೋಶದ ಸ್ನಾಯುಗಳೇ. ಅವು ಹೆಣೆದ ಬುಟ್ಟಿಯ ಎಳೆಗಳಂತೆ ನಾಳಗಳ ಸುತ್ತ ಹಾಸುಹೊಕ್ಕಾಗಿರುತ್ತವೆ; ಬಿಗಿದವೆಂದರೆ ಪ್ರತಿಯೊಂದು ನಾಳಕ್ಕೂ ಗಂಟು ಹಾಕಿದಂತೆ. ಬಿಗಿಯದೆ ಸೋತು ಮಲಗಿದವೆಂದರೆ ಎರಡು ಗಂಟೆಯೊಳಗೆ ಆರೋಗ್ಯವಂತಳಾದ ಹೆಂಗಸೂ ಇಲ್ಲವಾಗಬಹುದು. ಮೊದಲೇ ರಕ್ತಹೀನತೆಯಿಂದ ಬಿಳಿಚಿಕೊಂಡವಳಿಗೆ ಅಷ್ಟು ಹೊತ್ತೂ ಇಲ್ಲ. ಇಂದಿಗೂ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೭೦,೦೦೦ ತಾಯಂದಿರು ಸಾಯುವುದು ಈ ಒಂದು ಕಾರಣದಿಂದಲೇ.

ಗರ್ಭಕೋಶವನ್ನು ಬಿಗಿಸುವ ಮದ್ದು ಪಶ್ಚಿಮದವರಿಗೆ ಹಿಂದಿನಿಂದಲೂ ಗೊತ್ತಿತ್ತು. ರೈ ಎಂಬ ಧಾನ್ಯದ ತೆನೆಗೆ ಹತ್ತುವ ಅರ್ಗಟ್ ಎಂಬ ಕರಿಯ ಬೂಷ್ಟು ಅದು. ೧೮೦೮ರಲ್ಲಿ ಅಮೆರಿಕದ ಜಾನ್ ಸ್ಟರ್ನ್ಸ್ ಎಂಬ ವೈದ್ಯ, ಇದರ ಪುಡಿ ಕೊಟ್ಟರೆ ಹೆರಿಗೆ ಬೇಗ ಮುಗಿಯುತ್ತದೆ ಎಂದು ಬರೆದ. ಎಲ್ಲರೂ ಕೊಡತೊಡಗಿದರು. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬ ಲೆಕ್ಕವಿಲ್ಲ. ಗರ್ಭಕೋಶ ಹರಿದ ತಾಯಂದಿರೆಷ್ಟೋ, ಉಸಿರುಕಟ್ಟಿ ಹುಟ್ಟಿದ ಶಿಶುಗಳೆಷ್ಟೋ! ೧೮೨೪ರ ಹೊತ್ತಿಗೆ ಡೇವಿಡ್ ಹೊಸಾಕ್ ಎಂಬ ಇನ್ನೊಬ್ಬ ವೈದ್ಯ, ಇದನ್ನು ಹೆರಿಗೆಯ ಪುಡಿ ಎನ್ನುವ ಬದಲು ಸಾವಿನ ಪುಡಿ ಎನ್ನುವುದೇ ಸರಿ ಎಂದು ಎಚ್ಚರಿಸಬೇಕಾಯಿತು. ಮದ್ದು ಕೆಟ್ಟದ್ದಾಗಿರಲಿಲ್ಲ. ಮಗು ಹೊರಬರುವ ಮೊದಲು ಕೊಟ್ಟರೆ ವಿಷ, ಬಂದ ಮೇಲೆ ಕೊಟ್ಟರೆ ಅಮೃತ.

ನೋವು ಮರೆಸುವ ಮದ್ದಿನ ಕಥೆಯೂ ಇದೇ ಜಾಡಿನದು. ಎಡಿನ್‌ಬರೋದ ಸಿಂಪ್ಸನ್ ಹೆರಿಗೆಯ ನೋವಿಗೆ ಕ್ಲೋರೋಫಾರಂ ಬಳಸಿದ್ದು ೧೮೪೭ರ ನವೆಂಬರಿನಲ್ಲಿ. ಮೂರು ತಿಂಗಳೊಳಗೇ, ಕಾಲಿನ ಉಗುರು ತೆಗೆಸಿಕೊಳ್ಳಲು ಬಂದ ಹದಿನೈದು ವರ್ಷದ ಹುಡುಗಿಯೊಬ್ಬಳು ಅದರಿಂದ ಸತ್ತಳು. ಆದರೂ ೧೮೫೩ರಲ್ಲಿ ವಿಕ್ಟೋರಿಯಾ ರಾಣಿಯೇ ಜಾನ್ ಸ್ನೋ ಕೈಯಿಂದ ಅದನ್ನು ಪಡೆದು ಹೆತ್ತಾಗ ಬಾಯಿ ಮಾಡುವವರ ಬಾಯಿ ಮುಚ್ಚಿತು. ಕ್ಲೋರೋಫಾರಂ ಕೊಲ್ಲುವುದು ಉಸಿರನ್ನು ನಿಲ್ಲಿಸಿಯೋ, ಹೃದಯವನ್ನು ನಿಲ್ಲಿಸಿಯೋ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಪಕ್ಕದಲ್ಲೇ ಒಂದು ದೊಡ್ಡ ಪರೀಕ್ಷೆ ನಡೆಯಿತು ಎಂಬುದು ಹೆಚ್ಚು ಜನಕ್ಕೆ ತಿಳಿಯದು. ಆಗ ರಾಯಚೂರು, ಕಲಬುರಗಿ, ಬೀದರಗಳ ಕನ್ನಡಿಗರೂ ಯಾವ ನಿಜಾಮನ ಪ್ರಜೆಗಳೋ, ಆ ನಿಜಾಮನ ಹಣದಿಂದ ೧೮೮೮ ಮತ್ತು ೧೮೮೯ರಲ್ಲಿ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯ ಎರಡು ಆಯೋಗಗಳನ್ನು ನಡೆಸಿದ. ನೂರಾರು ನಾಯಿಗಳ ಮೇಲೆ ಪ್ರಯೋಗವಾಯಿತು. ಉಸಿರನ್ನು ಕಾದುಕೊಂಡರೆ ಸಾಕು, ಹೃದಯಕ್ಕೆ ನೇರವಾದ ಭಯವಿಲ್ಲ ಎಂದು ತೀರ್ಪಾಯಿತು. ತೀರ್ಪು ತಪ್ಪಾಗಿತ್ತು. ಅರೆಬರೆ ಮತ್ತಿನಲ್ಲಿರುವಾಗ ಕ್ಲೋರೋಫಾರಂ ಹೃದಯವನ್ನೇ ದಿಕ್ಕುಗೆಡಿಸಿ ನಿಲ್ಲಿಸಬಲ್ಲದೆಂದು ೧೯೧೧ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟ. ಪರೀಕ್ಷೆ ದೊಡ್ಡದಾದ ಮಾತ್ರಕ್ಕೆ ಫಲ ಸತ್ಯವಾಗಬೇಕೆಂದಿಲ್ಲ, ನೋಡಿ. ಕೇಳುವ ಪ್ರಶ್ನೆಯೂ ಸರಿಯಾಗಿರಬೇಕು. ಉತ್ತರ ಮೊದಲೇ ಮನಸ್ಸಿನಲ್ಲಿ ಕೂತಿರಬಾರದು.

ಇನ್ನು ಥ್ಯಾಲಿಡೊಮೈಡ್. ಹಿರಿಯ ಓದುಗರಲ್ಲಿ ಕೆಲವರಿಗಾದರೂ ಆ ಹೆಸರು ನೆನಪಿದ್ದೀತು. ೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಮಾರಾಟಕ್ಕೆ ಬಂದು, ಬಸುರಿಯರ ವಾಂತಿಗೂ ಒಳ್ಳೆಯದೆಂದು ಹಲವು ದೇಶಗಳಲ್ಲಿ ಹಂಚಿಹೋಯಿತು. ೧೯೬೧ರ ನವೆಂಬರಿನಲ್ಲಿ ಅದನ್ನು ಹಿಂದೆಗೆಯುವಷ್ಟರಲ್ಲಿ, ಕೈಕಾಲು ಬೆಳೆಯದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಬಸಿರಿಗೆ ಬಂದಾಗಿತ್ತು. ಅಮೆರಿಕದಲ್ಲಿ ಮಾತ್ರ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ, ಸಾಕ್ಷ್ಯ ಸಾಲದು ಎಂದು ಅನುಮತಿಯ ಕಾಗದಕ್ಕೆ ಸಹಿ ಹಾಕದೆ ಕುಳಿತಳು.

ಈ ದುರಂತದಿಂದ ಲೋಕ ಕಲಿತ ಪಾಠ ವಿಚಿತ್ರವಾದದ್ದು. ಬಸುರಿಯರಿಗೆ ಕೊಡುವ ಮದ್ದನ್ನು ಹೆಚ್ಚು ಪರೀಕ್ಷಿಸಬೇಕು ಎಂದಲ್ಲ, ಬಸುರಿಯರನ್ನು ಪರೀಕ್ಷೆಗೇ ಸೇರಿಸಬಾರದು ಎಂದು! ೧೯೭೭ರಲ್ಲಿ ಅಮೆರಿಕದ ಔಷಧ ಆಡಳಿತವು, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನೇ ಹೊಸ ಮದ್ದುಗಳ ಮೊದಲ ಪರೀಕ್ಷೆಗಳಿಂದ ಹೊರಗಿಡಬೇಕೆಂದು ಸೂಚಿಸಿತು. ರಕ್ಷಣೆಯ ಉದ್ದೇಶ ನಿಜ. ಫಲವೇನಾಯಿತು? ಗರ್ಭಿಣಿಗೆ ಜ್ವರ ಬರುತ್ತದೆ, ರಕ್ತದೊತ್ತಡ ಏರುತ್ತದೆ, ಮೂರ್ಛೆ ಬರುತ್ತದೆ. ಮದ್ದು ಕೊಡದೆ ವಿಧಿಯಿಲ್ಲ. ಪರೀಕ್ಷೆ ಆಗಿಲ್ಲವಾದ್ದರಿಂದ ಅಂದಾಜಿನ ಮೇಲೆ ಕೊಡುವುದು. ಪ್ರಯೋಗಶಾಲೆಯಿಂದ ಪಾರಾದ ಹೆಂಗಸು ಪ್ರತಿಯೊಬ್ಬ ವೈದ್ಯನ ಕೈಯಲ್ಲೂ ಲೆಕ್ಕಕ್ಕೆ ಸೇರದ ಪ್ರಯೋಗವಾದಳು.

ಈಗ ಮತ್ತೆ ರಕ್ತದ ಮಾತಿಗೆ ಬರೋಣ. ಹೆತ್ತವಳ ದೇಹವೇ ತಯಾರಿಸುವ ಆಕ್ಸಿಟೋಸಿನ್ ಎಂಬ ರಸವೇ ಗರ್ಭಕೋಶವನ್ನು ಬಿಗಿಸುವುದು. ಮಗು ಮೊಲೆಯುಣ್ಣುವಾಗ ಹಾಲು ಇಳಿಸುವುದೂ ಅದೇ. ಅಮೆರಿಕದ ವಿನ್ಸೆಂಟ್ ದು ವಿನ್ಯೋ ೧೯೫೩ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ೧೯೫೫ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ಇಂದಿಗೂ ಹೆರಿಗೆಯ ರಕ್ತಸ್ರಾವಕ್ಕೆ ಮೊದಲ ಮದ್ದು ಇದೇ. ನನ್ನ ದೊಡ್ಡಮ್ಮ ಸತ್ತಾಗ ಅದು ಲೋಕದಲ್ಲಿ ಇತ್ತು; ಅವಳ ಹಳ್ಳಿಯಲ್ಲಿ ಇರಲಿಲ್ಲ. ಅದು ಚುಚ್ಚುಮದ್ದು, ಚುಚ್ಚಬಲ್ಲವರು ಬೇಕು. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿಡಬೇಕು, ಇಲ್ಲವಾದರೆ ಬಿಸಿಲಿಗೆ ಮೆಲ್ಲಗೆ ಸತ್ತ್ವ ಕಳೆದುಕೊಳ್ಳುತ್ತದೆ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲೇ ಬೆಂಗಳೂರಿಗಿಂತ ಮೊದಲು ನಮ್ಮ ಗಣಿಗೆ ಬಂತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತಂತಿಯ ಕೆಳಗಿನ ಹಳ್ಳಿಗಳಿಗೆ ದೀಪ ಬರಲು ಎಷ್ಟು ಕಾಲ ಹಿಡಿಯಿತೆಂದು ಹೇಳಿಕೊಳ್ಳುವುದಿಲ್ಲ.

ಹಾಗಾದರೆ ಚುಚ್ಚಬೇಕಿಲ್ಲದ, ತಂಪು ಬೇಡದ ಮದ್ದು ಉಂಟೇ? ಉಂಟು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಹೊಟ್ಟೆಹುಣ್ಣಿಗೆಂದು ತಯಾರಿಸಿದ್ದರು. ಅದು ಗರ್ಭಕೋಶವನ್ನು ಬಿಗಿಸುತ್ತದಾದ್ದರಿಂದ ಗರ್ಭಿಣಿಯರಿಗೆ ಕೊಡಬಾರದೆಂದು ಸೀಸೆಯ ಮೇಲೆಯೇ ಅಚ್ಚಾಗಿತ್ತು. ಕೆಲವು ವೈದ್ಯರ ತಲೆ ಓಡಿದ್ದು ಅಲ್ಲೇ: ಹೆರಿಗೆಯ ಮುಂಚೆ ಯಾವುದು ದೋಷವೋ ಅದೇ ಹೆರಿಗೆಯಾದ ಮೇಲೆ ಗುಣವಲ್ಲವೇ? ೨೦೦೧ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪರೀಕ್ಷೆಯೊಂದು, ಆಸ್ಪತ್ರೆಯಲ್ಲಿ ಆಕ್ಸಿಟೋಸಿನ್ ಚುಚ್ಚುಮದ್ದೇ ಈ ಮಾತ್ರೆಗಿಂತ ಮೇಲು ಎಂದು ತೋರಿಸಿತು. ಆದರೆ ಚುಚ್ಚುಮದ್ದೇ ಇಲ್ಲದ ಹಳ್ಳಿಮನೆಯಲ್ಲಿ? ಆ ಪ್ರಶ್ನೆಯನ್ನು ಕೇಳಿದ್ದು ನಮ್ಮ ನಾಡಿನಲ್ಲಿ, ಬೆಳಗಾವಿಯಲ್ಲಿ.

ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ ಗೌಡರ ಮೊದಲಾದವರು, ಅಮೆರಿಕದ ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್ ಇವರೊಡನೆ ಕೂಡಿ, ೨೦೦೨ರ ಸೆಪ್ಟೆಂಬರಿನಿಂದ ೨೦೦೫ರ ಡಿಸೆಂಬರಿನವರೆಗೆ ಗ್ರಾಮಾಂತರದ ೧೬೨೦ ತಾಯಂದಿರನ್ನು ಪರೀಕ್ಷೆಗೆ ಸೇರಿಸಿಕೊಂಡರು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು ೨೫ ಮಂದಿ ಹಳ್ಳಿಯ ದಾದಿಯರು. ಚೀಟಿ ಎತ್ತಿದಂತೆ, ೮೧೨ ಮಂದಿಗೆ ಮಿಸೊಪ್ರೊಸ್ಟಾಲ್, ೮೦೮ ಮಂದಿಗೆ ನೋಡಲು ಅದರಂತೆಯೇ ಇರುವ, ಒಳಗೆ ಮದ್ದಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಸಿಕ್ಕಿತೆಂದು ತಾಯಿಗೂ ತಿಳಿಯದು, ದಾದಿಗೂ ತಿಳಿಯದು.

ಹುಸಿಮಾತ್ರೆಯೇ! ಎಂದು ತಾವು ಬೆಚ್ಚಬಹುದು. ನಾನೂ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆ. ರಕ್ತ ಹರಿಯಬಹುದಾದ ೮೦೮ ಹೆಣ್ಣುಮಕ್ಕಳ ಕೈಗೆ ಬರಿಯ ಹಿಟ್ಟಿನ ಗುಳಿಗೆ ಕೊಡುವುದು ಯಾವ ಧರ್ಮ? ನಡೆಸಿದವರ ಕಡೆಯ ಸಮಾಧಾನ ಹೀಗೆ: ಅಂದಿನ ಹಳ್ಳಿಯ ಹೆರಿಗೆಯಲ್ಲಿ ರಕ್ತ ತಡೆಯಲು ಯಾವ ಮದ್ದೂ ವಾಡಿಕೆಯಲ್ಲಿರಲಿಲ್ಲ, ಹುಸಿಮಾತ್ರೆ ಪಡೆದವಳಿಂದ ಏನನ್ನೂ ಕಿತ್ತುಕೊಂಡಂತಾಗಲಿಲ್ಲ, ಪಕ್ಕದಲ್ಲಿ ತರಬೇತಾದ ದಾದಿಯಿದ್ದಳು. ಮದ್ದು ನಿಜವಾಗಿ ಉಳಿಸುತ್ತದೋ ಇಲ್ಲವೋ ಎಂದು ಗೊತ್ತಿಲ್ಲದೆ ಲಕ್ಷಾಂತರ ಮಂದಿಗೆ ಹಂಚಿದರೆ ಅರ್ಗಟ್ಟಿನ ಕಥೆಯೇ ಮರುಕಳಿಸೀತು. ಈ ವಾದವನ್ನು ನಾನು ಒಪ್ಪುತ್ತೇನೆ. ಆದರೂ ಮನಸ್ಸಿನ ಮುಳ್ಳು ಪೂರ್ತಿ ಹೋಗಿಲ್ಲ. ಆ ವಾಡಿಕೆಯೇ, ಎಂದರೆ ಏನೂ ಕೊಡದಿರುವುದೇ, ನಮ್ಮ ಸಮಾಜದ ತಪ್ಪಾಗಿತ್ತಲ್ಲವೇ? ಆ ತಪ್ಪಿನ ಮೇಲೆಯೇ ಪರೀಕ್ಷೆ ನಿಂತಿತ್ತು.

ಫಲ ೨೦೦೬ರ ಅಕ್ಟೋಬರಿನಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಲೀಟರು ಅಥವಾ ಹೆಚ್ಚು ರಕ್ತ ಕಳೆದುಕೊಂಡವರು ಹುಸಿಮಾತ್ರೆಯ ಗುಂಪಿನಲ್ಲಿ ನೂರಕ್ಕೆ ೧೨, ಮದ್ದಿನ ಗುಂಪಿನಲ್ಲಿ ೬.೪. ಒಂದು ಲೀಟರು ಮೀರಿದ ಘೋರಸ್ರಾವ ನೂರಕ್ಕೆ ೧.೨ರಿಂದ ೦.೨ಕ್ಕೆ ಇಳಿದಿತ್ತು. ಹದಿನೆಂಟು ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪಿತು. ಚಳಿ, ಜ್ವರ ಸ್ವಲ್ಪ ಹೊತ್ತು ಕಾಡಿದವು, ಹೋದವು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯ ರಕ್ತಸ್ರಾವ ತಡೆಗಾಗಿ ಈ ಮಾತ್ರೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಮಾತ್ರೆಗಿಂತಲೂ ನನ್ನ ಮನಸ್ಸನ್ನು ಸೆಳೆದದ್ದು ಇನ್ನೊಂದು ವಸ್ತು. ರಕ್ತ ಎಷ್ಟು ಹೋಯಿತೆಂದು ತಿಳಿಯದೆ ಮದ್ದಿನ ಗುಣ ತಿಳಿಯುವುದೆಂತು? ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಹಾಸನ್ನು ಬಳಸಿದರು. ಬಾಣಂತಿಯ ಕೆಳಗೆ ಹಾಸಿದರೆ ರಕ್ತವೆಲ್ಲ ಕೊಳವೆಯಾಕಾರದ ಚೀಲಕ್ಕೆ ಇಳಿಯುತ್ತದೆ. ಚೀಲದ ಮೇಲೆ ಹಾಲಿನ ಅಳತೆಯ ಪಾತ್ರೆಯಂತೆ ಗೀರುಗಳು. ಅಷ್ಟೇ. ೧೨೩ ಹೆರಿಗೆಗಳಲ್ಲಿ ಕಣ್ಣಂದಾಜನ್ನೂ ಈ ಹಾಸಿನ ಅಳತೆಯನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು ನೂರಕ್ಕೆ ೩೩ರಷ್ಟು ಕಡಿಮೆ ಹೇಳುತ್ತಿತ್ತೆಂದು ತಿಳಿಯಿತು. ಕಣ್ಣು ಸೂಲಗಿತ್ತಿಯದಲ್ಲ, ಕಲಿತವರದು!

ಆ ದಿನ ಅಜ್ಜಿಯ ಮೂರು ಸೀರೆ ನನಗೆ ಹೊಸದಾಗಿ ನೆನಪಾದವು. ಮನೆಯ ಟ್ರಂಕಿನಲ್ಲಿದ್ದ ಅಂಥದೇ ಹಳೆಯ ನೂಲಿನ ಸೀರೆಯೊಂದನ್ನು ಶಾಲೆಗೆ ಒಯ್ದು, ವಿಜ್ಞಾನದ ಉಪಾಧ್ಯಾಯರ ಅಳತೆಯ ಜಾಡಿಯಿಂದ ಮಕ್ಕಳೆದುರಿಗೆ ನೀರು ಸುರಿಸಿದೆ. ಕನ್ನಡ ಮೇಷ್ಟರಿಗೇನಾಯಿತೆಂದು ಹುಡುಗರು ನಕ್ಕರು. ಮಡಿಸಿಟ್ಟ ಸೀರೆ ತೊಟ್ಟಿಕ್ಕುವ ಮೊದಲು ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯಿತು. ರಕ್ತ ನೀರಲ್ಲ, ಸೀರೆಯೆಲ್ಲ ನೆನೆದಿರಬೇಕೆಂದೂ ಇಲ್ಲ. ಲೆಕ್ಕವನ್ನು ಅರ್ಧಕ್ಕೆ ಇಳಿಸಿದರೂ ಮೂರು ಸೀರೆಯೆಂದರೆ ಒಂದು ಲೀಟರು ದಾಟುತ್ತದೆ. ಮೊದಲನೆಯ ಸೀರೆ ನೆನೆದಾಗಲೇ ಎಚ್ಚರವಾಗಬೇಕಿತ್ತು ಎಂಬುದು ಅಂದು ಯಾರಿಗೂ ತಿಳಿಯುವಂತಿರಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಅದೇ ಬಗೆಯ ಅಳತೆಯ ಹಾಸನ್ನು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ ೮೦ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಸಂದರ್ಭದಲ್ಲಿ ಪರೀಕ್ಷಿಸಿದರು. ರಕ್ತ ಗೀರನ್ನು ಮುಟ್ಟಿದೊಡನೆ ನೀವುವಿಕೆ, ಮದ್ದು, ದ್ರವ, ಎಲ್ಲವನ್ನೂ ಒಟ್ಟಿಗೆ ಆರಂಭಿಸಬೇಕೆಂಬ ಕ್ರಮ. ಘೋರ ಪರಿಣಾಮಗಳು ನೂರಕ್ಕೆ ೬೦ರಷ್ಟು ತಗ್ಗಿದವೆಂದು ೨೦೨೩ರಲ್ಲಿ ವರದಿಯಾಯಿತು. ತಂಪು ಬೇಡದ ಕಾರ್ಬೆಟೋಸಿನ್ ಎಂಬ ಚುಚ್ಚುಮದ್ದನ್ನು ಭಾರತವೂ ಸೇರಿ ೧೦ ದೇಶಗಳ ಸುಮಾರು ಮೂವತ್ತು ಸಾವಿರ ತಾಯಂದಿರಲ್ಲಿ ಆಕ್ಸಿಟೋಸಿನ್ನಿಗೆ ಹೋಲಿಸಿ, ೨೦೧೮ರಲ್ಲಿ ಅರ್ಧ ಲೀಟರಿನ ರಕ್ತಸ್ರಾವ ತಡೆಯುವುದರಲ್ಲಿ ಅದು ಕಡಿಮೆಯದಲ್ಲವೆಂದು ಕಂಡುಕೊಂಡರು. ಆ ಪರೀಕ್ಷೆಗೆ ಇಟ್ಟ ಹೆಸರು ಚಾಂಪಿಯನ್! ನಮ್ಮ ರೈಲಿನ ಮೂರನೆಯ ನಿಲ್ದಾಣ. ಕಾಕತಾಳೀಯವೆಂದು ಬಲ್ಲೆ, ಆದರೂ ಸಂತೋಷವಾಯಿತು.

ಅದೇ ೨೦೧೮ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಹಾಲು ಕರೆಯುವ ನಮ್ಮ ಕೋಲಾರದವರು ಇದನ್ನು ತಿಳಿಯಬೇಕು. ಎಮ್ಮೆ ಹಸುಗಳಿಗೆ ಹಾಲು ಇಳಿಸಲು ಆಕ್ಸಿಟೋಸಿನ್ನನ್ನು ಕದ್ದು ಚುಚ್ಚುತ್ತಾರೆಂಬ ಕಾರಣದಿಂದ, ಕೇಂದ್ರ ಸರ್ಕಾರವು ಖಾಸಗಿ ಕಾರ್ಖಾನೆಗಳು ಅದನ್ನು ದೇಶದ ಬಳಕೆಗೆ ತಯಾರಿಸಕೂಡದೆಂದೂ, ಬೆಂಗಳೂರಿನ ಸರ್ಕಾರಿ ಕಾರ್ಖಾನೆ ಕರ್ನಾಟಕ ಆಂಟಿಬಯಾಟಿಕ್ಸ್ ಒಂದೇ ತಯಾರಿಸಬೇಕೆಂದೂ ಆಜ್ಞೆ ಮಾಡಿತು. ಇಡೀ ದೇಶದ ಬಾಣಂತಿಯರ ಮದ್ದು ಒಂದೇ ಒಲೆಯ ಮೇಲೆ ಬೇಯಬೇಕಾಯಿತು. ಸಾಲದೆ ಹೋದರೆ ಗತಿಯೇನೆಂದು ವೈದ್ಯರು ಕೂಗಿಕೊಂಡರು. ಆ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಆಜ್ಞೆಯನ್ನು ರದ್ದುಪಡಿಸಿತು.

ಕರ್ನಾಟಕದಲ್ಲಿ ಲಕ್ಷ ಸಜೀವ ಜನನಕ್ಕೆ ೨೦೦೧–೦೩ರಲ್ಲಿ ೨೨೮ ತಾಯಂದಿರು ಸಾಯುತ್ತಿದ್ದರು, ೨೦೧೮–೨೦ರಲ್ಲಿ ೬೯. ಇದರಲ್ಲಿ ಮದ್ದಿನ ಪಾಲೂ ಇದೆ, ರಸ್ತೆ, ಆಂಬುಲೆನ್ಸ್, ಆಸ್ಪತ್ರೆಯ ಹೆರಿಗೆಗಳ ಪಾಲೂ ಇದೆ. ಆದರೆ ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಸಂಶಯ ಬಿದ್ದದ್ದು ರಕ್ತನಾಳಕ್ಕೆ ಹನಿಸುವ ರಿಂಗರ್ಸ್ ಲ್ಯಾಕ್ಟೇಟ್ ದ್ರವದ ಮೇಲೆ. ಉಪ್ಪುನೀರಿನ ಸೋದರನಂಥ, ಹಲವು ದಶಕಗಳಷ್ಟು ಹಳೆಯದಾದ, ಯಾರೂ ಅನುಮಾನಿಸದ ದ್ರವ ಅದು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟರು. ದ್ರವದ ಸೂತ್ರ ಎಂದೋ ಒರೆಗೆ ಹತ್ತಿ ಗೆದ್ದಿತ್ತು. ಪ್ರಶ್ನೆ ಎದ್ದದ್ದು ಆ ತಂಡದ ಬಾಟಲಿಗಳನ್ನು ಒರೆಗೆ ಹಚ್ಚಿದರೇ ಎಂದು. ಗಣಿಯಲ್ಲಿ ನಿನ್ನೆಯ ಅದಿರಿನ ಚೀಟಿಯನ್ನು ಇಂದಿನ ಅದಿರಿಗೆ ಅಂಟಿಸುತ್ತಿರಲಿಲ್ಲ.

ತಮ್ಮ ಮನೆಯಲ್ಲಿ ಈ ವರ್ಷ ಹೆರಿಗೆಯಿದ್ದರೆ, ಆಸ್ಪತ್ರೆಯಲ್ಲಿ ಎರಡು ಮಾತು ಕೇಳಲು ಸಂಕೋಚಪಡಬೇಡಿ. ಆಕ್ಸಿಟೋಸಿನ್ ಮದ್ದು ತಂಪುಪೆಟ್ಟಿಗೆಯಲ್ಲಿದೆಯೇ, ಕಿಟಕಿಯ ಪಕ್ಕದ ಕಪಾಟಿನಲ್ಲಿದೆಯೇ? ಹೆರಿಗೆಯಾದ ಮೇಲೆ ರಕ್ತವನ್ನು ಅಳೆಯುತ್ತೀರೋ, ನೋಡಿ ಹೇಳುತ್ತೀರೋ? ನನ್ನ ಸೊಸೆಯ ಹೆರಿಗೆಯಲ್ಲಿ ನಾನು ಎರಡನ್ನೂ ಕೇಳಿದೆ. ದಾದಿ ಒಂದು ಗಳಿಗೆ ನನ್ನ ಮುಖ ನೋಡಿ, ಒಳಗೆ ಹೋಗಿ, ಗೀರುಗಳಿದ್ದ ಚೀಲವನ್ನು ತಂದು ತೋರಿಸಿದಳು.